ಬಿಎಂಶ್ರೀಯವರನ್ನು ಮೂಲದ ಪಕ್ಕದಲ್ಲಿಟ್ಟು ಓದುವುದು ಹೇಗೆ

ನಾನು ಶಾಲೆಯ ಪ್ರಾರ್ಥನೆಯಲ್ಲಿ ‘ಕರುಣಾಳು ಬಾ ಬೆಳಕೆ’ ಹಾಡಿಕೊಂಡು ಬೆಳೆದವಳು. ಅದನ್ನು ಯಾರೋ ದಾಸರು ಬರೆದದ್ದು ಅಂತಲೇ ಬಹಳ ವರ್ಷ ತಿಳಿದಿದ್ದೆ. ಅದು ಇಂಗ್ಲಿಷಿನಿಂದ ಬಂದದ್ದು, ತಂದವರು ಮೈಸೂರಿನ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎಂದು ಗೊತ್ತಾದದ್ದು ಬಿ.ಎ. ತರಗತಿಯಲ್ಲಿ. ಅಂದು ಗ್ರಂಥಾಲಯದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದ ಮಧ್ಯಾಹ್ನ ಈಗಲೂ ನೆನಪಿದೆ. ಆ ಓದಿನ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ವಾರಕ್ಕೊಂದು ಗಂಟೆಯಂತೆ ನಾಲ್ಕೈದು ಭಾನುವಾರ ಸಿಕ್ಕರೆ ಸಾಕು. ಛಂದಸ್ಸು ಮೊದಲೇ ಗೊತ್ತಿರಬೇಕಾಗಿಲ್ಲ, ಇಂಗ್ಲಿಷಿನಲ್ಲಿ ಪಾಂಡಿತ್ಯವೂ ಬೇಡ.

ಓದುವ ಮೊದಲು ಮನುಷ್ಯನ ಪರಿಚಯ

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಅಂದರೆ ನಮ್ಮ ಬಿಎಂಶ್ರೀ, ಹುಟ್ಟಿದ್ದು 1884ರ ಜನವರಿ 3ರಂದು, ತಾಯಿಯ ತವರಾದ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ಮುಂದೆ ಪ್ರೊಫೆಸರ್ ಆದರು, ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಕಲಿಸಿದರು. ಅವರ ತರಗತಿಯಲ್ಲಿ ಕೂತವರಲ್ಲಿ ಕುವೆಂಪು ಇದ್ದರು, ತೀ.ನಂ. ಶ್ರೀಕಂಠಯ್ಯ ಇದ್ದರು. 1946ರ ಜನವರಿ 5ರಂದು ಧಾರವಾಡದಲ್ಲಿ ತೀರಿಕೊಂಡರು. ನಿವೃತ್ತಿಯ ನಂತರ ಅಲ್ಲಿಗೆ ಹೋಗಿ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದರು.

ಈ ಬದುಕಿನಲ್ಲಿ ಒಂದು ವರ್ಷವನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಅದು 1911. ಇಂಗ್ಲಿಷ್ ಕಲಿಸಿ ಸಂಬಳ ಪಡೆಯುತ್ತಿದ್ದ, ಇನ್ನೂ ಮೂವತ್ತು ತುಂಬದ ಈ ಮೇಷ್ಟ್ರು ಮೈಸೂರು ಸೀಮೆಯಿಂದ ಧಾರವಾಡಕ್ಕೆ ಹೋಗಿ, ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂದು ಉಪನ್ಯಾಸ ಕೊಟ್ಟರು. ಆಗ ಓದಿದವರು ಓದಿದವರೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಕಾಲ. ಮೈಸೂರು ವಿಶ್ವವಿದ್ಯಾನಿಲಯವೇ ಇನ್ನೂ ಹುಟ್ಟಿರಲಿಲ್ಲ, ಅದು ಶುರುವಾದದ್ದು 1916ರಲ್ಲಿ. ಕನ್ನಡ ಎಂ.ಎ. ತರಗತಿ ಬರಲು 1927ರವರೆಗೆ ಕಾಯಬೇಕಾಯಿತು, ಅದರ ಹಿಂದೆಯೂ ಇವರೇ ನಿಂತಿದ್ದರು. ಮುಂದೆ ಇವರು ಬರೆದದ್ದನ್ನೆಲ್ಲ ಆ ಉಪನ್ಯಾಸದ ತಲೆಬರಹಕ್ಕೆ ಕೊಟ್ಟ ಉತ್ತರ ಎಂದುಕೊಂಡು ಓದಿದರೆ ದಾರಿ ತಪ್ಪುವುದಿಲ್ಲ.

ಮೊದಲ ಹಂತ: ಪುಸ್ತಕ ಹೊಂದಿಸಿಕೊಳ್ಳಿ

ಬೇಕಾದ್ದು ಎರಡೇ. ಒಂದು, 1926ರಲ್ಲಿ ಬಂದ ‘ಇಂಗ್ಲಿಷ್ ಗೀತಗಳು’. ಹೆಸರನ್ನು ಗಮನಿಸಿ: ‘ಗೀತೆಗಳು’ ಅಲ್ಲ, ‘ಗೀತಗಳು’. ಗ್ರಂಥಾಲಯದ ಪಟ್ಟಿಯಲ್ಲೋ ಅಂತರ್ಜಾಲದಲ್ಲೋ ಹುಡುಕುವಾಗ ಎರಡೂ ಕಾಗುಣಿತ ಹಾಕಿ ನೋಡಿ. ಲೇಖಕರ ಹೆಸರೂ ಹಾಗೆಯೇ. ಬಿ.ಎಂ.ಶ್ರೀ, ಬಿಎಂಶ್ರೀ, ಬಿ.ಎಂ. ಶ್ರೀಕಂಠಯ್ಯ, ಬರೀ ‘ಶ್ರೀ’, ಎಲ್ಲವೂ ಇವರೇ. ಅವರ ಬರಹಗಳನ್ನು ಒಟ್ಟುಗೂಡಿಸಿದ ‘ಶ್ರೀ ಸಾಹಿತ್ಯ’ ಎಂಬ ದೊಡ್ಡ ಸಂಪುಟ ಸಿಕ್ಕಿದರೆ ಗೀತಗಳು, ನಾಟಕ, ಭಾಷಣ ಎಲ್ಲ ಒಂದೇ ಕಡೆ ಇರುತ್ತವೆ. ಹಳೆಯ ಮುದ್ರಣಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವಿನಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿರುವವರು ಎನ್.ಆರ್. ಕಾಲೊನಿಯ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನಕ್ಕೆ ಹೋಗಿ ಕೇಳಬಹುದು.

ಎರಡನೆಯದು ಪಾಲ್‌ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಜರಿ’. 1861ರಲ್ಲಿ ಲಂಡನ್ನಿನಲ್ಲಿ ಮೊದಲು ಅಚ್ಚಾದ ಈ ಕವನ ಸಂಕಲನ ನಮ್ಮ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ಪಠ್ಯವಾಗಿತ್ತು. ಬಿಎಂಶ್ರೀ ಆರಿಸಿಕೊಂಡ ಕವಿತೆಗಳಲ್ಲಿ ಬಹುಪಾಲು ಇದರೊಳಗೇ ಇವೆ. ಹಳೆ ಪುಸ್ತಕದಂಗಡಿಗಳಲ್ಲಿ ಇದು ಅಗ್ಗಕ್ಕೆ ಸಿಗುತ್ತದೆ. ‘ಕರುಣಾಳು ಬಾ ಬೆಳಕೆ’ಯ ಮೂಲವಾದ ‘ಲೀಡ್, ಕೈಂಡ್ಲಿ ಲೈಟ್’ ಮಾತ್ರ ಅದರಲ್ಲಿರುವುದಿಲ್ಲ, ಅದನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು.

ಜೊತೆಗೆ ಒಂದು ಪೆನ್ಸಿಲ್. ಗ್ರಂಥಾಲಯದ ಪ್ರತಿಯಾದರೆ ಕವಿತೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಕೈಯಲ್ಲಿ ಬರೆದ ಕವಿತೆ ಅರ್ಧ ಓದಿದ ಹಾಗೆ.

ಎರಡನೆಯ ಹಂತ: ‘ಕಾಣಿಕೆ’ಯಿಂದ ಶುರು ಮಾಡಿ

ಅನುವಾದಗಳಿಗೆ ಹಾರುವ ಮುನ್ನ ಪುಸ್ತಕದ ಬಾಗಿಲಲ್ಲಿರುವ ‘ಕಾಣಿಕೆ’ಯನ್ನು ಓದಿ. ಇದು ಅವರ ಸ್ವಂತ ಕವಿತೆ. ‘ಮೊದಲು ತಾಯ ಹಾಲ ಕುಡಿದು’ ಎಂದು ಎಳೆಯ ಮಗುವಿನ ಬಾಯಿಂದ ಹೊರಡುತ್ತದೆ. ಕನ್ನಡ ತನ್ನ ತೋಟದಲ್ಲಿ ಬೆಳೆದ ಹೆಣ್ಣು, ಇಂಗ್ಲಿಷ್ ಪಡುವ ಕಡಲಿನಿಂದ ಬಂದ ಹೊನ್ನ ಹೆಣ್ಣು. ಇಬ್ಬರ ಮೇಲೂ ತನಗೆ ಮನಸ್ಸಿದೆ ಎಂದು ಮುಚ್ಚಿಡದೆ ಹೇಳಿಕೊಳ್ಳುತ್ತಾರೆ. ಕೊನೆಗೆ ಬರುವ ಆಸೆಗೆ ಅಡಿಗೆರೆ ಹಾಕಿ: ‘ಅವಳ ತೊಡಿಗೆ ಇವಳಿಗಿಟ್ಟು ಹಾಡ ಬಯಸಿದೆ’. ಅದರ ಹಿಂದಿನ ಸಾಲಿನಲ್ಲಿ ಇವಳ ಸೊಬಗನ್ನು ಅವಳಿಗೂ ತೊಡಿಸಿ ನೋಡುವ ಬಯಕೆ ಇದೆ. ಕೊಡುಕೊಳ್ಳುವಿಕೆ ಎರಡು ಕಡೆಯಿಂದಲೂ ನಡೆಯಬೇಕು ಎಂಬುದು ಅವರ ಆಸೆ.

ಇಲ್ಲೇ ಮಾತ್ರೆ ಎಣಿಸುವುದನ್ನು ಕಲಿತುಬಿಡಿ, ಹತ್ತು ನಿಮಿಷದ ಕೆಲಸ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರಕ್ಕಿಂತ ಮೊದಲು ಬರುವ ಅಕ್ಷರಕ್ಕೆ ಎರಡು. ಈಗ ಮೇಜಿನ ಮೇಲೆ ಬೆರಳು ತಟ್ಟುತ್ತ ‘ಮೊದಲು | ತಾಯ | ಹಾಲ | ಕುಡಿದು’ ಎಂದು ಹೇಳಿ. ಮೂರು, ಮೂರು, ಮೂರು, ಮೂರು. ಮಗು ಕುಣಿಯುತ್ತ ನಡೆಯುವ ಹೆಜ್ಜೆ ಕೇಳಿಸುತ್ತದೆ. ಕಣ್ಣಿನಿಂದಷ್ಟೇ ಓದುವವರಿಗೆ ಬಿಎಂಶ್ರೀ ಅರ್ಧ ಮಾತ್ರ ಸಿಗುತ್ತಾರೆ. ಮನೆಯವರು ಏನಂದುಕೊಂಡರೂ ಸರಿ, ಗಟ್ಟಿಯಾಗಿ ಓದಿ.

ಮೂರನೆಯ ಹಂತ: ‘ವಸಂತ’ದಲ್ಲಿ ಒಂದು ಇಡೀ ಭಾನುವಾರ

‘ಗೋಲ್ಡನ್ ಟ್ರೆಜರಿ’ಯ ಮೊದಲ ಕವಿತೆಯೇ ಥಾಮಸ್ ನ್ಯಾಶ್‌ನ ವಸಂತಗೀತೆ. 1600ರಲ್ಲಿ ಅಚ್ಚಾದ ನಾಟಕವೊಂದರಲ್ಲಿ ಬರುವ ಹಾಡು ಅದು. ಮೂಲವನ್ನು ಮೊದಲು ಓದಿ, ಮೊದಲ ಪದ್ಯದ ಪ್ರಾಸಗಳನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಳ್ಳಿ: ಸ್ಪ್ರಿಂಗ್, ಕಿಂಗ್, ಥಿಂಗ್, ರಿಂಗ್, ಸ್ಟಿಂಗ್, ಸಿಂಗ್. ಆರು ಸಲ ಒಂದೇ ಗಂಟೆ ಬಾರಿಸುತ್ತದೆ. ಈಗ ಕನ್ನಡ ತೆಗೆಯಿರಿ. ‘ವಸಂತ ಬಂದ, ಋತುಗಳ ರಾಜ ತಾ ಬಂದ’ ಎಂದು ಹೊರಟು ಬಂದ, ಬಂದ, ತಂದ, ನಿಂದ, ಕೊಂದ, ಚೆಂದ. ಇಲ್ಲೂ ಆರು ಸಲ, ಅದೇ ಜಾಗಗಳಲ್ಲಿ. ಅರ್ಥವನ್ನು ಯಾರಾದರೂ ದಾಟಿಸಿಯಾರು. ಆ ಗಂಟೆಯ ಸದ್ದನ್ನು ಹೀಗೆ ದಾಟಿಸುವುದಕ್ಕೆ ಎರಡೂ ಭಾಷೆ ಕಿವಿಯಲ್ಲಿ ಕೂತಿರಬೇಕು.

ಮುಂದಿನ ಕೆಲಸ ನನಗೆ ಬಹಳ ಪ್ರಿಯವಾದದ್ದು. ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಮನೆ ಮಾಡಿ: ಉಳಿದದ್ದು, ಬಿಟ್ಟದ್ದು, ಸೇರಿದ್ದು. ಒಂದೊಂದೇ ಚಿತ್ರವನ್ನು ಅದರ ಮನೆಗೆ ಹಾಕುತ್ತ ಹೋಗಿ. ನ್ಯಾಶ್‌ನ ಕುರಿಮರಿಗಳ ನೆಗೆದಾಟವೂ ಕುರುಬರ ಕೊಳಲೂ ಉಳಿದಿವೆ. ಹಳ್ಳಿಮನೆಗಳನ್ನು ಸಿಂಗರಿಸುವ ಅಲ್ಲಿಯ ಹೂಕೊಂಬೆಗಳು ಬಿಟ್ಟುಹೋಗಿವೆ. ‘ಬನದಲಿ ಬೆಳದಿಂಗಳೂಟ’ ಹೊಸದಾಗಿ ಬಂದು ಸೇರಿದೆ. ನ್ಯಾಶ್‌ಗೆ ಬೆಳದಿಂಗಳೂಟದ ಕಲ್ಪನೆಯೂ ಇರಲಿಲ್ಲ. ಡೈಸಿ ಹೂ ಕಾಲಿಗೆ ಮುತ್ತಿಡುವ ಕಡೆ ಇಲ್ಲಿ ಮಲ್ಲಿಗೆಯ ಕಂಪಿದೆ, ಮಾವು ಸೊಂಪಾಗಿದೆ, ಜಾತ್ರೆಯ ಗುಂಪು ನೆರೆದಿದೆ.

ಮೂರನೆಯ ಪದ್ಯದಲ್ಲಿ ಇನ್ನೂ ಸ್ವಲ್ಪ ನಿಲ್ಲಿ. ನ್ಯಾಶ್‌ನ ಊರಿನಲ್ಲಿ ಮುದುಕಿಯರು ಹೊರಗೆ ಬಂದು ಬಿಸಿಲು ಕಾಯಿಸುತ್ತ ಕೂತಿದ್ದಾರೆ. ಇಂಗ್ಲೆಂಡಿನ ಚಳಿ ಕಳೆದ ಮೇಲೆ ಅದೇ ಅಲ್ಲಿಯ ಸುಖ. ಚೈತ್ರದಲ್ಲಿ ನಮ್ಮ ಮುದುಕಿಯರನ್ನು ಬಿಸಿಲಿಗೆ ಕೂರಿಸುವುದುಂಟೇ? ಕನ್ನಡದಲ್ಲಿ ಆ ಮುದುಕಿಯರಿಲ್ಲ, ‘ಗಾಳಿಯ ತಂಪು’ ಇದೆ. ಹಿತ ಎಂಬುದು ಅಲ್ಲಿ ಬಿಸಿಲಿನಿಂದ ಬರುತ್ತದೆ, ಇಲ್ಲಿ ನೆರಳಿನಿಂದ. ಆ ಒಂದು ಸಾಲಿನ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ.

ಇಷ್ಟೆಲ್ಲ ಬದಲಿಸಿದವರು ಹಕ್ಕಿಗಳ ಕೂಗನ್ನು ಮಾತ್ರ ಇಂಗ್ಲಿಷಿನಲ್ಲಿದ್ದಂತೆಯೇ ಬಿಟ್ಟಿದ್ದಾರೆ: ಕೂವೂ, ಜಗ್ ಜಗ್, ಪುವ್ವೀ. ಜಗ್ ಜಗ್ ಎಂದು ಕೂಗುವುದು ನೈಟಿಂಗೇಲ್. ನಮ್ಮ ತೋಪುಗಳಲ್ಲಿ ಅದರ ದನಿ ಕೇಳಿದವರಿಲ್ಲ. ಇದನ್ನು ಯಾವ ಮನೆಗೆ ಹಾಕುವಿರಿ ಎಂದು ಈಗಲೇ ತೀರ್ಮಾನಿಸಬೇಡಿ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಡಿ.

ನಾಲ್ಕನೆಯ ಹಂತ: ‘ಕಾರಿಹೆಗ್ಗಡೆಯ ಮಗಳು’ ಮತ್ತು ಪ್ರಾಸದ ಲೆಕ್ಕ

ಥಾಮಸ್ ಕ್ಯಾಂಪ್‌ಬೆಲ್ 1809ರಲ್ಲಿ ಪ್ರಕಟಿಸಿದ ಕಥನಗೀತೆ ಇದರ ಮೂಲ. ಸ್ಕಾಟ್ಲೆಂಡಿನ ಅಲ್ವಾ ದ್ವೀಪದ ನಾಯಕ ಲಾರ್ಡ್ ಅಲಿನ್‌ನ ಮಗಳೊಡನೆ ಓಡಿಬರುತ್ತಾನೆ. ಹಿಂದೆ ಅಪ್ಪನ ಕುದುರೆಗಳು, ಮುಂದೆ ಬಿರುಗಾಳಿಯೆದ್ದ ನೀರು. ದೋಣಿ ಮುಳುಗುತ್ತದೆ. ದಡದಲ್ಲಿ ನಿಂತ ಅಪ್ಪ, ಕ್ಷಮಿಸಿದೆ, ಹಿಂದಕ್ಕೆ ಬಾ ಮಗಳೇ ಎಂದು ಕೂಗುತ್ತಾನೆ. ಕನ್ನಡದಲ್ಲಿ ಅಲಿನ್ ಕಾರಿಹೆಗ್ಗಡೆಯಾದ, ಸ್ಕಾಟಿಷ್ ನಾಯಕ ಪಡುವ ದಿಬ್ಬದ ಗೌಡನಾದ, ದೋಣಿಯವನು ತೊರೆಯನಾದ. ಹೀಗೆ ಹೆಸರು ಬದಲಿಸುವುದು ಬಿಎಂಶ್ರೀಗೆ ಹೊಸದಲ್ಲ. ವರ್ಡ್ಸ್‌ವರ್ತ್‌ನ ಮುದಿ ಬೇಟೆಗಾರ ಸೈಮನ್ ಲೀ ಅವರ ಕೈಯಲ್ಲಿ ‘ಮುದಿಯ ರಾಮೇಗೌಡ’ ಆಗಿದ್ದಾನೆ, ಬರ್ನ್ಸ್‌ನ ಡಂಕನ್ ಗ್ರೇ ಪ್ರಸಂಗ ‘ಮಾದ ಮಾದಿ’ ಆಗಿದೆ.

ಮೊದಲ ಪದ್ಯವನ್ನು ಬೆರಳು ತಟ್ಟಿ ಓದಿ:

ಪಡುವ ದಿಬ್ಬದ ಗೌಡನೊಬ್ಬನು
ಬಿಡದೆ ತೊರೆಯನ ಕೂಗಿಕೊಂಡನು

ಪಡುವ ಮೂರು, ದಿಬ್ಬದ ನಾಲ್ಕು. ಗೌಡ ಮೂರು, ನೊಬ್ಬನು ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು. ಈ ನಡಿಗೆ ಎಲ್ಲೋ ಕೇಳಿದ್ದು ಅನ್ನಿಸುತ್ತದೆಯೇ? ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡಿಗೆ ಇದು. ಗಮಕಿಗಳ ಬಾಯಲ್ಲಿ ಗದುಗಿನ ಭಾರತ ಕೇಳಿ ಬೆಳೆದ ಕಿವಿಗೆ ಸ್ಕಾಟ್ಲೆಂಡಿನ ಕತೆ ಪರಕೀಯ ಅನ್ನಿಸದೆ ಒಳಕ್ಕೆ ಇಳಿದದ್ದರ ಗುಟ್ಟು ಇಲ್ಲಿದೆ. ಆರು ಸಾಲಿನ ಷಟ್ಪದಿಯ ಕಟ್ಟನ್ನು ಸಡಿಲಿಸಿ ನಾಲ್ಕು ಸಾಲಿನ ಹಗುರ ಪದ್ಯ ಮಾಡಿದರು, ಹೆಜ್ಜೆಯನ್ನು ಮಾತ್ರ ಮನೆಯದನ್ನೇ ಇಟ್ಟುಕೊಂಡರು.

ಇನ್ನೊಂದು ಪರೀಕ್ಷೆ ಮಾಡಿ. ಬಿಎಂಶ್ರೀ ಆದಿಪ್ರಾಸ (ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರುವ ಪ್ರಾಸ) ಬಿಟ್ಟರು ಎಂದು ಪರೀಕ್ಷೆಗೆ ಓದಿದ ಎಲ್ಲರೂ ಬರೆಯುತ್ತೇವೆ. ಈ ಪದ್ಯದ ನಾಲ್ಕೂ ಸಾಲುಗಳ ಮೊದಲ ಪದ ತೆಗೆದು ಎರಡನೆಯ ಅಕ್ಷರ ನೋಡಿ: ಪಡುವ, ಬಿಡದೆ, ತಡೆಯದೆ, ಕೊಡುವೆ. ಡ, ಡ, ಡ, ಡ. ಪಂಪ ರನ್ನರು ಪಾಲಿಸಿದ ಅದೇ ದ್ವಿತೀಯಾಕ್ಷರ ಪ್ರಾಸ! ಅವರು ಬಿಟ್ಟದ್ದು ಪ್ರಾಸ ಕಡ್ಡಾಯ ಎಂಬ ನಿಯಮವನ್ನು. ಹಾಡಿಗೆ ಬೇಕಾದಾಗ ಅದನ್ನು ಕೈಬೀಸಿ ಕರೆದಿದ್ದಾರೆ, ಬೇಡವಾದಾಗ ‘ವಸಂತ’ದಲ್ಲಿ ಮಾಡಿದಂತೆ ಸಾಲಿನ ಕೊನೆಗೆ ಪ್ರಾಸ ಕಟ್ಟಿದ್ದಾರೆ. ಆದಿಪ್ರಾಸ ತೊರೆದು ಬರೆಯುವ ಧೈರ್ಯವನ್ನು 1911ರಲ್ಲೇ ಮಂಜೇಶ್ವರದ ಗೋವಿಂದ ಪೈ ತೋರಿದ್ದರು, ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲೇ ಬಂದಿತ್ತು. ಬಿಎಂಶ್ರೀ ಮೊದಲಿಗರು ಎಂದು ಹೊಗಳುವುದಕ್ಕಿಂತ, ಇಷ್ಟು ಬಗೆಯ ನಡಿಗೆಗಳನ್ನು ಒಂದೇ ಪುಸ್ತಕದಲ್ಲಿ ನಡೆದು ತೋರಿಸಿದವರು ಎಂದು ಹೇಳುವುದು ನ್ಯಾಯ. ಒಂದೊಂದು ಕವಿತೆಗೂ ಪಕ್ಕದಲ್ಲಿ ಅದರ ಮಾತ್ರೆಯ ಲೆಕ್ಕ ಬರೆಯುತ್ತ ಹೋದರೆ ನಿಮಗೇ ಕಾಣುತ್ತದೆ.

ಐದನೆಯ ಹಂತ: ಈಗ ಆ ಪ್ರಾರ್ಥನೆಗೆ ಬನ್ನಿ

ಎಲ್ಲರಿಗೂ ಬಾಯಿಪಾಠವಾದ ಕವಿತೆಯನ್ನು ಬೇಕೆಂದೇ ಹಿಂದಕ್ಕೆ ಇಟ್ಟೆ. ಬಾಯಿಪಾಠ ಬಂದದ್ದನ್ನು ನಾವು ಓದುವುದಿಲ್ಲ.

ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಇದರ ಮೂಲವನ್ನು ಬರೆದದ್ದು 1833ರ ಜೂನ್‌ನಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ. ಸಿಸಿಲಿಯಲ್ಲಿ ಜ್ವರದಿಂದ ಸಾಯುವ ಹಾಗಾಗಿ, ಚೇತರಿಸಿಕೊಂಡು ಊರಿಗೆ ಹೊರಟಿದ್ದರು. ಪಲೆರ್ಮೊದಿಂದ ಮಾರ್ಸೆಯ್ಲ್‌ಗೆ ಹೋಗುವ ಹಡಗು ಗಾಳಿಯಿಲ್ಲದೆ ಬೊನಿಫಾಸಿಯೊ ಜಲಸಂಧಿಯಲ್ಲಿ ನಿಂತುಬಿಟ್ಟಿತ್ತು. ಇದನ್ನು ತಿಳಿದು ‘ಮನೆ ದೂರ’ ಎಂಬ ಎರಡು ಪದಗಳನ್ನು ಮತ್ತೆ ಓದಿ. ಮೂಲದಲ್ಲಿ ಕ್ರಿಸ್ತನ ಹೆಸರು ಬರುವುದೇ ಇಲ್ಲ, ಕರೆಯುವುದು ಬೆಳಕನ್ನು. ಕನ್ನಡವೂ ಯಾವ ದೇವರ ಹೆಸರನ್ನೂ ಹಾಕಲಿಲ್ಲ. ಎಲ್ಲ ಮತದ ಮಕ್ಕಳೂ ಕೈಮುಗಿದು ಹಾಡುವಂತಾದದ್ದು ಇದರಿಂದಲೇ.

ಮಾತ್ರೆ ಎಣಿಸಿ: ಕರುಣಾಳು | ಬಾ ಬೆಳಕೆ | ಮುಸುಕಿದೀ | ಮಬ್ಬಿನಲಿ. ಐದು, ಐದು, ಐದು, ಐದು. ಮೂರರಂತೆ ಕುಣಿಯದ, ಮೂರುನಾಲ್ಕರಂತೆ ಓಡದ ನಡಿಗೆ. ಕತ್ತಲಲ್ಲಿ ಕಾಲೂರಿ ನೋಡಿ ಮುಂದಿಡುವ ಹೆಜ್ಜೆಯ ಹಾಗೆ. ಮೂಲದಲ್ಲಿ ಉದ್ದ ಸಾಲೊಂದು, ಗಿಡ್ಡ ಸಾಲೊಂದು ಬರುತ್ತವೆ. ಆ ಏರಿಳಿತವನ್ನೂ ‘ಕೈಹಿಡಿದು ನಡೆಸೆನ್ನನು’ ಎಂಬ ಗಿಡ್ಡ ಸಾಲಿನಲ್ಲಿ ಉಳಿಸಿಕೊಂಡಿದ್ದಾರೆ.

ಸಂಧಿ ಬಿಡಿಸಿ ಓದುವ ಅಭ್ಯಾಸ ಬೇಕೇ ಬೇಕು ಎಂಬುದಕ್ಕೂ ಇಲ್ಲೊಂದು ಉದಾಹರಣೆ ಇದೆ. ‘ಬಲುದೂರ ನೋಟವನು ಕೇಳೆನೊಡನೆಯೆ, ಸಾಕು ನನಗೊಂದು ಹೆಜ್ಜೆ’. ಕೇಳೆನು, ಒಡನೆಯೆ ಎಂದು ಬಿಡಿಸಬೇಕು. ದೂರದ ನೋಟವೆಲ್ಲ ಈಗಲೇ ಕಾಣಲಿ ಎಂದು ನಾನು ಕೇಳುವುದಿಲ್ಲ ಎಂದರ್ಥ. ‘ಕೇಳಿದೊಡನೆಯೆ’ ಎಂದು ಹಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ನಾನೂ ಶಾಲೆಯಲ್ಲಿ ಹಾಗೆಯೇ ಹಾಡಿದವಳು. ಒಂದೆರಡು ಅಕ್ಷರ ಆಚೀಚೆಯಾಗಿ, ಬೇಡ ಎಂದವನು ಬೇಡಿದವನಾಗಿಬಿಡುತ್ತಾನೆ. ಮಾತ್ರೆಯ ಲೆಕ್ಕ ಎರಡಕ್ಕೂ ಸರಿಹೋಗುವುದರಿಂದ ಬೆರಳು ಈ ತಪ್ಪನ್ನು ಹಿಡಿಯುವುದಿಲ್ಲ, ಅರ್ಥವೇ ಹಿಡಿಯಬೇಕು. ಮಕ್ಕಳಿಗೆ ಹೇಳಿಕೊಡುವವರು ದಯವಿಟ್ಟು ಇದೊಂದನ್ನು ತಿದ್ದಿ ಹೇಳಿಕೊಡಿ.

ಆಮೇಲೆ ನಾಟಕಗಳು

ಇವನ್ನು ಕವಿತೆಗಳ ನಂತರವೇ ಓದಿ, ಭಾಷೆ ಹಳಗನ್ನಡದ ಕಡೆಗೆ ವಾಲುವುದರಿಂದ ಮೊದಲಿಗೇ ಕೈಗೆತ್ತಿಕೊಂಡರೆ ದಣಿಯುತ್ತೀರಿ. ‘ಗದಾಯುದ್ಧ ನಾಟಕಂ’ ಮೊದಲು. ಹತ್ತನೆಯ ಶತಮಾನದ ರನ್ನನ ಕಾವ್ಯದಲ್ಲೇ ಹುದುಗಿದ್ದ ನಾಟಕವನ್ನು ಹೊರತೆಗೆದು, ದುರ್ಯೋಧನನನ್ನು ಗ್ರೀಕ್ ದುರಂತ ನಾಯಕನ ಎತ್ತರಕ್ಕೆ ನಿಲ್ಲಿಸಿದ ಕೃತಿ ಅದು. ನಂತರ ‘ಅಶ್ವತ್ಥಾಮನ್’. ಇದಕ್ಕೆ ಸೊಫೊಕ್ಲಿಸ್‌ನ ‘ಅಜಾಕ್ಸ್’ ನಾಟಕವನ್ನು ಪಕ್ಕದಲ್ಲಿಡಿ. ಅವಮಾನದಿಂದ ಬುದ್ಧಿ ಕೆಟ್ಟು, ತನ್ನ ಕತ್ತಿಗೆ ತಾನೇ ಬಲಿಯಾಗುವ ಗ್ರೀಕ್ ವೀರನ ಜಾಗದಲ್ಲಿ ನಮ್ಮ ದ್ರೋಣಪುತ್ರನಿದ್ದಾನೆ. ಚಿರಂಜೀವಿ ಎಂದು ಪುರಾಣ ಹೇಳುವವನನ್ನು ರಂಗದ ಮೇಲೆ ಸಾಯಿಸಿದ್ದಕ್ಕೆ ಆ ಕಾಲದಲ್ಲಿ ಚರ್ಚೆ ಎದ್ದದ್ದು ಸಹಜ. ಓದುವಾಗ ನೀವೇ ಒಂದು ಪಕ್ಷ ಹಿಡಿಯಿರಿ. ನನಗಂತೂ, ಸಾವಿಲ್ಲದ ಅಶ್ವತ್ಥಾಮನಿಗೆ ಸಾವನ್ನು ಕೊಟ್ಟದ್ದು ಕರುಣೆಯ ಕೆಲಸವಾಗಿ ಕಂಡಿದೆ. 1935ರ ‘ಪಾರಸಿಕರು’ ಈಸ್ಕಿಲಸ್‌ನ ನಾಟಕದ ಅನುವಾದ, ಸಮಯವಿದ್ದರೆ ಓದಿ. ‘ಹೊಂಗನಸುಗಳು’ ಸಂಕಲನದ ಸ್ವಂತ ಕವಿತೆಗಳಲ್ಲಿ ಗೀತಗಳ ಹಗುರ ನನಗೆ ಸಿಕ್ಕಿಲ್ಲ.

ಕೊನೆಯ ಹಂತ: ನೀವೇ ಒಂದು ಪದ್ಯ ತನ್ನಿ

ಇದನ್ನು ಬಿಡಬೇಡಿ. ‘ಗೋಲ್ಡನ್ ಟ್ರೆಜರಿ’ಯಿಂದ, ಬಿಎಂಶ್ರೀ ಮುಟ್ಟದ ಒಂದು ಚಿಕ್ಕ ಕವಿತೆ ಆರಿಸಿ. ಎಂಟು ಸಾಲಿಗಿಂತ ಹೆಚ್ಚು ಬೇಡ. ಮೊದಲು ನಡಿಗೆ ನಿರ್ಧರಿಸಿ: ಮೂರೋ, ನಾಲ್ಕೋ, ಐದೋ, ಮೂರುನಾಲ್ಕೋ. ಪದ ಹುಡುಕುವುದು ಆಮೇಲೆ. ಅಲ್ಲಿಯ ಹೂ, ಮರ, ಊಟ, ಹವೆ ಎದುರಾದಾಗಲೆಲ್ಲ, ನಮ್ಮಲ್ಲಿ ಅದೇ ಸುಖವನ್ನೋ ದುಃಖವನ್ನೋ ತರುವುದು ಯಾವುದು ಎಂದು ಕೇಳಿಕೊಳ್ಳಿ. ಬರೆದದ್ದನ್ನು ಇಂಗ್ಲಿಷ್ ಬಾರದ ಒಬ್ಬರಿಗೆ ಓದಿ ಹೇಳಿ, ಮನೆಯ ಅಜ್ಜಿಯಾದರೆ ಒಳ್ಳೆಯದು. ಅವರು ಎಲ್ಲಿ ಮುಖ ಕಿವುಚುತ್ತಾರೋ ಆ ಸಾಲನ್ನು ತಿದ್ದಿ.

ಹಾಗೆ ತಿದ್ದುತ್ತ ಕೂತಾಗ ‘ವಸಂತ’ದ ಪಕ್ಕದಲ್ಲಿ ಹಾಕಿಟ್ಟ ಪ್ರಶ್ನೆ ಚಿಹ್ನೆಗೆ ಮರಳಿ. ಜಗ್ ಜಗ್ ಅನ್ನು ತೆಗೆದು ಅಲ್ಲಿ ನಿಮ್ಮೂರಿನ ಯಾವ ಹಕ್ಕಿಯನ್ನು ಕೂರಿಸುವಿರಿ? ನಾನು ಕೋಗಿಲೆ, ಕೆಂಬೂತ, ಕುಟ್ರುಹಕ್ಕಿ ಮೂರನ್ನೂ ಕೂರಿಸಿ ನೋಡಿದೆ. ಕುಟ್ರುವಿನ ಕೂಗು ಸಾಲಿಗೆ ಹೊಂದುತ್ತದೆ. ಆದರೂ ಮಕ್ಕಳ ಮುಂದೆ ಗಟ್ಟಿಯಾಗಿ ಓದಿದ ದಿನ ಅವರು ನಕ್ಕು ಕುಣಿದದ್ದು ಬಿಎಂಶ್ರೀಯವರ ಜಗ್ ಜಗ್‌ಗೇ.